ಗ್ಯಾರೇಜಿನ ಸೂರಿಗೆ ಕಟ್ಟಿದ ದವಡೆ

ಗಂಡನೂ ನಾನೂ ಬೇರೆಯಾದಾಗ ನನ್ನ ಪಾಲಿಗೆ ಮನೆ ಬಂತು, ಅವರ ಪಾಲಿಗೆ ಸ್ನೇಹಿತರು ಹೋದರು. ವಕೀಲರು ಕಾಗದದಲ್ಲಿ ಬರೆದದ್ದು ಮನೆಯ ವಿಷಯ ಮಾತ್ರ. ಸ್ನೇಹಿತರು ತಮ್ಮ ವಿಲೇವಾರಿಯನ್ನು ತಾವೇ ನೋಡಿಕೊಂಡರು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿರುವ ನಮ್ಮ ಕನ್ನಡದವರ ಗುಂಪಿನಲ್ಲಿ ಯುಗಾದಿಗೂ ಫ್ಯಾಮಿಲಿ ಟಿಕೆಟ್, ದೀಪಾವಳಿಗೂ ಫ್ಯಾಮಿಲಿ ಟಿಕೆಟ್. ಒಬ್ಬಳೇ ಬಂದರೆ ಹೇಗೆ ಎಂದು ಕೇಳಿದ್ದಕ್ಕೆ, "ಅದನ್ನ ಕಮಿಟೀಲಿ ಮಾತಾಡ್ಬೇಕಮ್ಮ" ಎಂಬ ಉತ್ತರ ಸಿಕ್ಕಿತು. ಕಮಿಟಿ ಮಾತಾಡುತ್ತಲೇ ಇತ್ತು. ಅಷ್ಟರಲ್ಲಿ ವಾಟ್ಸಾಪ್ ಗುಂಪಿನಿಂದ ನನ್ನ ನಂಬರ್ ಅದು ಹೇಗೋ ಬಿಟ್ಟುಹೋಯಿತು. ಗುಂಪಿನಲ್ಲಿ ಅರ್ಧಕ್ಕರ್ಧ ಜನ ಸಾಫ್ಟ್‌ವೇರ್‌ನವರು. ಆದರೂ ಅದು ಹೇಗೆ ಬಿಟ್ಟುಹೋಯಿತು ಎಂದು ಕಂಡುಹಿಡಿಯಲು ಪಾಪ ಯಾರಿಂದಲೂ ಆಗಲಿಲ್ಲ.

ಮನೆಯಂತೂ ಚೆನ್ನಾಗಿದೆ. ಭೂಕಂಪವನ್ನು ತಡೆದುಕೊಂಡು ನಿಂತ ಹಳೆಯ ಮರದ ಮನೆ, ಹಿಂದೆ ವಿಶಾಲವಾದ ಹುಲ್ಲುಹಾಸು, ಪಕ್ಕದಲ್ಲಿ ಕಾರೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ತುಂಬಿಟ್ಟ ಗ್ಯಾರೇಜು. ಪಕ್ಕದ ಮನೆ ಭೂಕಂಪದಲ್ಲಿ ಬಿದ್ದು ಆ ಜಾಗ ಬಹಳ ಕಾಲ ಖಾಲಿಯಿತ್ತು. ಆಮೇಲೆ ಬಿಲ್ಡರ್ ಒಬ್ಬ ಬಂದು ಒಂದು ಮನೆಯಿದ್ದ ಕಡೆ ಸಾಲಾಗಿ ಟೌನ್‌ಹೌಸುಗಳನ್ನು ತುರುಕಿದ. ಬೇಲಿಗೆ ಅಂಟಿಕೊಂಡಿರುವ ಕೊನೆಯ ಮನೆಯನ್ನು ಕೊಂಡವಳು ನನ್ನ ಜೊತೆ ಕೆಲಸ ಮಾಡುವ ಗೆಳತಿ. ನಾನು ವಯಸ್ಸಾದವರ ರೆಸ್ಟ್ ಹೋಮಿನಲ್ಲಿ ನರ್ಸ್, ಅವಳು ಅಲ್ಲೇ ಕೇರ್‌ಗಿವರ್. ಅವಳ ಗಂಡ ಬಡಗಿ ಕೆಲಸದವನು. ಅವರ ಹಿತ್ತಲಿನಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಬಿಡಿಸಿಟ್ಟರೆ ಮನುಷ್ಯರು ಒಳಗೆ ಬರಬೇಕು.

ನಮ್ಮ ಸ್ನೇಹ ಗಟ್ಟಿಯಾದದ್ದು ಒಂದು ಕಪಾಟಿನಿಂದ. ಇಲ್ಲಿನ ಚಳಿಗೆ ದೋಸೆ ಹಿಟ್ಟು ಉಬ್ಬುವುದೇ ಇಲ್ಲ. ಅದಕ್ಕೆ ನಾನು ಬಿಸಿನೀರಿನ ಸಿಲಿಂಡರ್ ಇರುವ ಕಪಾಟಿನಲ್ಲಿ ಪಾತ್ರೆ ಇಟ್ಟು ಬಾಗಿಲು ಮುಚ್ಚುತ್ತೇನೆ. ಮೊದಲ ಸಲ ಅವಳ ಮನೆಗೆ ಹೋದಾಗ ಅಂಥದ್ದೇ ಕಪಾಟಿನಿಂದ ಪರಿಚಯದ ಹುಳಿವಾಸನೆ ಬರುತ್ತಿತ್ತು. ದೋಸೆಯೇ ಎಂದು ಆಸೆಯಿಂದ ಕೇಳಿದೆ. ಅಲ್ಲ, ಅಕ್ಕಿಯ ಹೆಂಡ. ಅವರ ಬೆಟ್ಟದ ಊರಿನಲ್ಲಿ ಇದಿಲ್ಲದೆ ಯಾವ ಶುಭಕಾರ್ಯವೂ ನಡೆಯುವುದಿಲ್ಲವಂತೆ. ಒಂದೇ ಅಕ್ಕಿ, ಒಂದೇ ಕಪಾಟು. ಅವರು ಕುಡಿಯುತ್ತಾರೆ, ನಾವು ಚಟ್ನಿ ಹಚ್ಚಿಕೊಂಡು ತಿನ್ನುತ್ತೇವೆ.

ಅವರು ಇಗೊರೊಟ್ ಜನ. ಫಿಲಿಪ್ಪೀನ್ಸಿನ ಉತ್ತರದ ಬೆಟ್ಟಗಳಲ್ಲಿ ಗುಡ್ಡವನ್ನೇ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಭತ್ತ ಬೆಳೆಯುವವರು. ರೆಸ್ಟ್ ಹೋಮಿನಲ್ಲಿ ಫಿಲಿಪ್ಪೀನ್ಸಿನ ಬಯಲುಸೀಮೆಯವರೂ ಇದ್ದಾರೆ. ಅವರಲ್ಲೊಬ್ಬಳು ನನ್ನ ಗೆಳತಿಯನ್ನು, ನಿಮ್ಮ ಕಡೆಯವರಿಗೆ ಬಾಲ ಇರುತ್ತದಂತೆ ನಿಜವೇ ಎಂದು ನಗುತ್ತಾ ಕೇಳಿದ್ದಳಂತೆ. ಇವಳಿಗೆ ಅದನ್ನು ಹೇಳುವಾಗಲೂ ಮುಖ ಕೆಂಪಾಗಿತ್ತು. ನಾನು ಸಮಾಧಾನ ಹೇಳಿದೆ. ಮೈಸೂರಿನಲ್ಲಿ ಹುಟ್ಟಿ, ಕೇಕ್ ಕೊಟ್ಟರೂ ಮೊಟ್ಟೆ ಹಾಕಿದ್ದೀರಾ ಎಂದು ಕೇಳುವ ನನ್ನನ್ನು, ವಾರಕ್ಕೊಬ್ಬರಾದರೂ ಬಟರ್ ಚಿಕನ್ ಮಾಡುವ ಬಗೆ ಕೇಳುತ್ತಾರೆ.

ನಮ್ಮ ಮ್ಯಾನೇಜರಮ್ಮ ಒಮ್ಮೆ ಸಂಸ್ಕೃತಿಗಳ ದಿನ ಮಾಡಲು ಹೊರಟರು. ನನಗೆ ಸಮೋಸಾ ಮತ್ತು ಬಾಲಿವುಡ್ ಹಂಚಿಕೆಯಾಯಿತು. ಗೆಳತಿಗೆ, ನಿಮ್ಮವರ ಜಾಗಟೆ ತರಿಸಿ ಬಾರಿಸಿ ಎಂದರು. ಅವಳು ನಯವಾಗಿಯೇ ಹೇಳಿದಳು: ನಮ್ಮ ಜಾಗಟೆಯನ್ನು ಸುಮ್ಮನೆ ಬಾರಿಸುವ ಹಾಗಿಲ್ಲ, ಒಂದು ಪ್ರಾಣಿಯನ್ನು ಬಲಿ ಕೊಡಬೇಕು, ಇಲ್ಲದಿದ್ದರೆ ಯಾರಿಗಾದರೂ ಕಾಯಿಲೆ ಬರುತ್ತದೆ. ಮ್ಯಾನೇಜರಮ್ಮ ಗಂಭೀರವಾಗಿ ಯೋಚಿಸಿ, "ಹೊರಗಡೆ ಸಾಸೇಜ್ ಸುಡ್ತಾರಲ್ಲ, ಅದು ಆಗಲ್ವಾ?" ಎಂದರು. ನಾನು ಕೆಮ್ಮು ಬಂದವಳ ಹಾಗೆ ಎದ್ದು ಹೊರಗೆ ಹೋಗಬೇಕಾಯಿತು. ಜಾಗಟೆ ಬರಲಿಲ್ಲ. ಸಮೋಸಾ ಬಂತು, ಅಂಗಡಿಯದು.

ಕಳೆದ ವರ್ಷ ಗೆಳತಿ ಮತ್ತೆ ಬಸುರಾದಳು. ಅದಕ್ಕೆ ಮುಂಚೆ ಎರಡು ಸಲ ನಿಂತ ಬಸುರು ಉಳಿದಿರಲಿಲ್ಲ. ಎರಡನೆಯ ಸಲ ಆಸ್ಪತ್ರೆಯಿಂದ ಅವಳನ್ನು ಕರೆತಂದವಳು ನಾನೇ. ಈ ಸಲ ಅವಳ ತಾಯಿ ವಿಸಿಟರ್ ವೀಸಾದಲ್ಲಿ ಬೆಟ್ಟದಿಂದ ಇಳಿದು ಬಂದರು. ಮುಂಗೈಯಿಂದ ಮೊಣಕೈವರೆಗೆ ಹಚ್ಚೆ, ಬಾಯಲ್ಲಿ ನನಗರ್ಥವಾಗದ ಭಾಷೆ. ಅಜ್ಜಿ ಬೆಳಗ್ಗೆ ಎದ್ದವರೇ ಆ ಅಂಗೈಯಗಲದ ಹಿತ್ತಲಿನಲ್ಲಿ ಒಂದು ಬಕೆಟ್ ಬೋರಲು ಹಾಕಿ, ಅದರ ಮೇಲೆ ನಿಂತು, ಬೇಲಿಯ ಈಚೆಗೆ ನನ್ನ ಮನೆಯನ್ನು ನೋಡುತ್ತಿದ್ದರು. ನಾನು ಕೆಲಸಕ್ಕೆ ಹೋಗುವಾಗಲೂ ನೋಡುತ್ತಿದ್ದರು, ಬಂದು ಒಬ್ಬಳೇ ಅಡುಗೆಮನೆಯ ದೀಪ ಹಾಕಿ ತಟ್ಟೆ ಇಟ್ಟುಕೊಂಡಾಗಲೂ ನೋಡುತ್ತಿದ್ದರು. ಮೊದಮೊದಲು ನನಗೆ ಸಿಟ್ಟು ಬಂತು. ಆಮೇಲೆ ಇಂಡಿಯನ್ ಅಂಗಡಿಯಲ್ಲಿ ಸಿಕ್ಕ ಸೀಮೆಬದನೆಕಾಯಿ ಒಂದೆರಡು ಕೊಟ್ಟೆ. ಅಜ್ಜಿ ಅದನ್ನು ಕೈಯಲ್ಲಿ ಹಿಡಿದು ಮಗುವನ್ನು ಕಂಡ ಹಾಗೆ ನಕ್ಕರು. ಅವರ ಬೆಟ್ಟದಲ್ಲೂ ಮನೆಮನೆಯ ಚಪ್ಪರದಲ್ಲಿ ಅದೇ ಕಾಯಿಯಂತೆ.

ವೀಸಾ ಮುಗಿಯುವ ಹೊತ್ತಿಗೆ ಅಜ್ಜಿ ಹಟ ಹಿಡಿದರು. ಮಗಳ ಹೊಸ ಮನೆಗೆ ಊಟ ಹಾಕಿಲ್ಲ; ಪಾದ್ರಿ ಬಂದು ನೀರು ಚಿಮುಕಿಸಿದರೆ ಹೊಟ್ಟೆ ತುಂಬುವುದಿಲ್ಲ. ಹಿರಿಯರನ್ನು ಕರೆದು, ಹಂದಿ ಕೊಯ್ದು, ಅದರ ಪಿತ್ತಕೋಶವನ್ನು ತಾನು ಕಣ್ಣಾರೆ ನೋಡಬೇಕು. ಪಿತ್ತ ತುಂಬಿಕೊಂಡು ಹೊಳೆಯುತ್ತಿದ್ದರೆ ಮನೆಗೆ ಒಳ್ಳೆಯದು, ಇಲ್ಲದಿದ್ದರೆ ಮತ್ತೊಂದನ್ನು ಕೊಯ್ಯಬೇಕು. ಅದನ್ನು ನೋಡದೆ, ಹೊಟ್ಟೆಯಲ್ಲಿ ಕೂಸಿಟ್ಟುಕೊಂಡ ಮಗಳನ್ನು ಬಿಟ್ಟು ವಿಮಾನ ಹತ್ತುವುದಿಲ್ಲ. ಇಷ್ಟನ್ನೂ ಗೆಳತಿ ನನ್ನ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ, ತಲೆ ತಗ್ಗಿಸಿಕೊಂಡು ಹೇಳಿದಳು. ಅವಳು ನನ್ನನ್ನು ಮನಾಂಗ್ ಎನ್ನುತ್ತಾಳೆ, ಅವರಲ್ಲಿ ಅಕ್ಕನನ್ನು ಕರೆಯುವ ಮಾತು.

"ಮನಾಂಗ್, ನಿಮ್ಮ ಹಿತ್ತಲು ಒಂದು ದಿನಕ್ಕೆ ಬೇಕಿತ್ತು."

"ಯಾತಕ್ಕೆ?"

"ಹಂದಿಗೆ. ನಮ್ಮ ಹಿತ್ತಲಲ್ಲಿ ಅದನ್ನ ಮಲಗಿಸೋಕೂ ಜಾಗ ಇಲ್ಲ. ಅಮ್ಮನೇ ನಿಮ್ಮನ್ನ ಕೇಳು ಅಂದ್ರು."

ನಾನು ನಗಬಾರದು. ನಮ್ಮ ಗೃಹಪ್ರವೇಶದ ದಿನ ಇದೇ ಮನೆಯ ಹಾಲಿನಲ್ಲಿ ಹೋಮ ಮಾಡಿಸಿ, ಹೊಗೆಯ ಅಲಾರಂ ಬೀದಿಗೆಲ್ಲಾ ಕೇಳುವ ಹಾಗೆ ಕಿರುಚಿ, ಪುರೋಹಿತರು ಮಂತ್ರವನ್ನು ಅದಕ್ಕಿಂತ ಗಟ್ಟಿಯಾಗಿ ಹೇಳಿ, ನನ್ನ ಗಂಡ ಪಂಚೆಯುಟ್ಟು ಕುರ್ಚಿಯ ಮೇಲೆ ನಿಂತು ಟವೆಲ್ ಬೀಸಿದವರು ನಾವು. ಅಷ್ಟೆಲ್ಲ ಮಾಡಿಸಿಕೊಂಡ ಮನೆ ಆಮೇಲೆ ಏನು ಉಪಕಾರ ಮಾಡಿತು ಎಂದು ಕೇಳಬೇಡಿ. ಆದರೂ ಹಂದಿ ಎಂದರೆ ಹಂದಿ. ಯೋಚಿಸಿ ಹೇಳುತ್ತೇನೆ ಎಂದೆ.

ಯೋಚಿಸುವ ಭಾರ ಹೆಚ್ಚಾಗಿ, ಕೆಲಸದಲ್ಲಿರುವ ಇನ್ನೊಬ್ಬ ಕನ್ನಡದ ನರ್ಸಿನ ಹತ್ತಿರ, ಯಾರಿಗೂ ಹೇಳಬೇಡ ಎಂದು ಹೇಳಿದೆ. ಮರುದಿನ ಗುಂಪಿನ ಹಿರಿಯ ಆಂಟಿಯ ಫೋನ್ ಬಂತು. ನಾನು ಬೇರೆಯಾದಾಗ ಬಾರದ ಫೋನ್, ನನ್ನಪ್ಪ ಮೈಸೂರಿನಲ್ಲಿ ತೀರಿಕೊಂಡು ನಾನಿಲ್ಲಿ ಮೊಬೈಲಿನ ಪರದೆಯಲ್ಲಿ ಚಿತೆ ನೋಡಿದಾಗಲೂ ಬಾರದ ಫೋನ್, ಹಂದಿ ಎಂದ ಕೂಡಲೇ ಬಂತು.

"ಅಲ್ಲಮ್ಮ, ನಿಮ್ಮನೇಲಿ ಹಂದಿ ಕಡೀತಾರಂತೆ?"

"ಹಿತ್ತಲಲ್ಲಿ, ಆಂಟಿ. ಇನ್ನೂ ಒಪ್ಪಿಕೊಂಡಿಲ್ಲ."

"ದೇವರ ಪಟ ಇಟ್ಟಿರೋ ಮನೆ ಕಣಮ್ಮ ಅದು. ನಾನು ನಿನ್ ಒಳ್ಳೇದಕ್ಕೇ ಹೇಳ್ತಿರೋದು. ನಾಲ್ಕು ಜನ ಏನಂತಾರೆ?"

"ಆ ನಾಲ್ಕು ಜನ ಯಾರು ಆಂಟಿ? ಎರಡು ವರ್ಷದಿಂದ ಕಾಯ್ತಾ ಇದೀನಿ, ಒಬ್ರೂ ಈ ಕಡೆ ತಲೆ ಹಾಕಿಲ್ಲ."

ಆಂಟಿಗೆ ಒಲೆಯ ಮೇಲೆ ಏನೋ ಸೀಯುತ್ತಿರುವುದು ನೆನಪಾಯಿತು. ನಾನು ಫೋನಿಟ್ಟು ಸೀದಾ ಬೇಲಿಯ ಹತ್ತಿರ ಹೋದೆ. ಅಜ್ಜಿ ಬಕೆಟ್ಟಿನ ಮೇಲೇ ಇದ್ದರು. ಹಿತ್ತಲನ್ನು ತೋರಿಸಿ ತಲೆಯಾಡಿಸಿದೆ. ಧರ್ಮಬುದ್ಧಿಯಿಂದ ಒಪ್ಪಿಕೊಂಡೆ ಎಂದು ಹೇಳಿಕೊಳ್ಳಬಹುದಿತ್ತು. ನಿಜ ಹೇಳಬೇಕೆಂದರೆ ಆಂಟಿಯ ಮೇಲಿನ ಉರಿಯಿಂದಲೇ ಒಪ್ಪಿಕೊಂಡೆ.

ಶನಿವಾರ ಬೆಳಗ್ಗೆ ಬಂದರು. ಊರಾಚೆಯ ಫಾರ್ಮ್ ಒಂದರಲ್ಲಿ ಕೊಂದ ಹಂದಿಯನ್ನು ಹೊಟ್ಟೆ ಸೀಳದೆ, ಟಾರ್ಪಾಲು ಹೊದಿಸಿ, ಇಲ್ಲಿನವರು ಯೂಟ್ ಎನ್ನುವ ಸಣ್ಣ ಟ್ರಕ್ಕಿನ ಹಿಂಭಾಗದಲ್ಲಿ ತಂದಿದ್ದರು. ಕ್ಯಾಂಟರ್ಬರಿಯ ಹಾಲಿನ ಫಾರ್ಮುಗಳಲ್ಲಿ ದುಡಿಯುವ ಅವರ ಬೆಟ್ಟದ ಜನ, ಹೆಂಗಸರು, ಮಕ್ಕಳು ಎಲ್ಲ ಸೇರಿ ಹುಲ್ಲುಹಾಸು ತುಂಬಿತು. ನನ್ನ ಯೋಜನೆ ಸರಳವಾಗಿತ್ತು: ಪರದೆ ಎಳೆದು, ಊದುಬತ್ತಿ ಹಚ್ಚಿ, ಸಂಜೆಯವರೆಗೆ ಒಳಗೇ ಇರುವುದು. ಊದುಬತ್ತಿ ಅರ್ಧ ಉರಿಯುವುದರೊಳಗೆ ಗೆಳತಿ ಬಾಗಿಲು ತಟ್ಟಿದಳು. ಅಜ್ಜಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕಂತೆ.

ಹೋಗಿ ಕೂತೆ. ಅಜ್ಜಿ ಮುಂದೆ ಹೆಂಡದ ಬಟ್ಟಲಿಟ್ಟುಕೊಂಡು ಏನೋ ಕೇಳಿದರು. ತೀರಿಹೋದ ನಮ್ಮ ಹಿರಿಯರ ಹೆಸರು ಬೇಕಂತೆ, ಗೆಳತಿ ಬಿಡಿಸಿ ಹೇಳಿದಳು. ಜಾಗ ಕೊಟ್ಟವರಿಗೆ ವಂದನಾರ್ಪಣೆ ಇರಬೇಕು, ನಮ್ಮ ಸಭೆಗಳಲ್ಲಿ ಮೈಕಿನವನಿಗೂ ಮಾಡುತ್ತಾರಲ್ಲ ಹಾಗೆ, ಎಂದುಕೊಂಡು ನನ್ನ ಅಪ್ಪನ, ಅಜ್ಜನ, ಅಜ್ಜಿಯ ಹೆಸರು ಹೇಳಿದೆ. ಆ ಹಚ್ಚೆಯ ಕೈ ಬಟ್ಟಲನ್ನು ಎತ್ತಿ ಹಿಡಿಯಿತು. ರಾಗವಾಗಿ ಹೋಗುತ್ತಿದ್ದ ಕರೆಯ ನಡುವೆ ನಮ್ಮವರ ಹೆಸರುಗಳು ಒಂದೊಂದಾಗಿ, ತುಸು ಸೊಟ್ಟಗೆ, ಕೇಳಿಬಂದವು. ಏಕಾದಶಿಯ ದಿನ ತೊಟ್ಟು ನೀರನ್ನೂ ಮುಟ್ಟದಿದ್ದ ನನ್ನಜ್ಜನನ್ನು ಹೆಂಡಕ್ಕೂ ಹಂದಿಗೂ ಹೆಸರು ಹಿಡಿದು ಕರೆದರು. ಅವರು ಬಂದಿದ್ದರೆ ಎಲ್ಲಿ ಕೂತರೋ, ಮೂಗು ಹೇಗೆ ಮುಚ್ಚಿಕೊಂಡರೋ ಗೊತ್ತಿಲ್ಲ. ಅಪ್ಪ ಮಾತ್ರ ಬಂದಿರುತ್ತಾರೆ. ಯಾರು ಕರೆದರೂ ಹೋಗುವ ಸ್ವಭಾವ ಅವರದು.

ಗಂಡಸರು ಹೊಟ್ಟೆ ಸೀಳಿ ಲಿವರ್ ಹೊರತೆಗೆದಾಗ ಎಲ್ಲರೂ ಹತ್ತಿರ ಬಂದು ನೆರೆದರು. ನರ್ಸಾಗಿ ನಾನು ಪಿತ್ತಕೋಶದ ಬಗ್ಗೆ ಯೋಚಿಸುವುದು ಅದರಲ್ಲಿ ಕಲ್ಲಾದಾಗ ಮಾತ್ರ. ಆವತ್ತು ನಾನೂ ಕತ್ತು ಚಾಚಿ ನೋಡಿದೆ. ಗೆಳತಿ ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ನಿಂತಿದ್ದಳು. ಇದೆಲ್ಲ ನಂಬಿಕೆಯೋ ಮೂಢನಂಬಿಕೆಯೋ ಎಂಬ ಪ್ರಶ್ನೆ ಆ ಗಳಿಗೆಯಲ್ಲಿ ನನಗೆ ಬರಲಿಲ್ಲ. ಚೆನ್ನಾಗಿರಲಿ ಎಂದು ಚಾಮುಂಡಿಯನ್ನು ಬೇಡಿಕೊಂಡೆ. ದಟ್ಟ ಹಸಿರಿನ ಪಿತ್ತ ತುಂಬಿಕೊಂಡು ಲಿವರಿನ ಅಂಚಿನಿಂದ ಹೊರಗೆ ಇಣುಕುತ್ತಿತ್ತು. ಅಜ್ಜಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ತೃಪ್ತಿಯಿಂದ ಏನೋ ಅಂದು, ಕೈಯೂರಿದರು. ಊರಿದ್ದು ನನ್ನ ಮೊಣಕಾಲಿನ ಮೇಲೆ. ಏಳಲು ಆಸರೆ ಬೇಕಿರಬೇಕು ಎಂದುಕೊಂಡು ಎಬ್ಬಿಸಲು ಹೋದೆ. ಅವರು ಏಳಲಿಲ್ಲ.

ಆಮೇಲೆ ಜಾಗಟೆಗಳು ಮಾತಾಡಿದವು. ಗಂಡಸರು ಸಾಲಾಗಿ, ಮಂಡಿ ಬಗ್ಗಿಸಿ ಬಾರಿಸುತ್ತಾ ಸುತ್ತಿದರು. ಹೆಂಗಸರು ತೋಳು ಚಾಚಿ ಕುಣಿದರು. ಕರೆದಾಗ ಕುಣಿಯದಿದ್ದರೆ ಅವಮಾನವಂತೆ, ನಾನೂ ಚೂಡಿದಾರದಲ್ಲಿ ತೋಳು ಚಾಚಿದೆ. ಗದ್ದಲದ ಬಗ್ಗೆ ದೂರು ಕೊಡಲು ಬಂದ ಎದುರು ಮನೆಯ ಬಿಳಿಯ ಮುದುಕ, ತಟ್ಟೆ ತುಂಬ ಮಾಂಸ ಹಿಡಿದು, ನಮ್ಮ ಬೀದಿಯಲ್ಲಿ ಇಂಥದ್ದು ಹೆಚ್ಚಾಗಿ ನಡೆಯಬೇಕು ಎಂದ.

ಸಂಜೆ ಹಂಚಿಕೆ ಶುರುವಾಯಿತು. ಅವರಲ್ಲಿ ಉಂಡರೆ ಮುಗಿಯುವುದಿಲ್ಲ. ಬಂದ ಪ್ರತಿಯೊಬ್ಬರಿಗೂ ಮನೆಗೆ ಒಯ್ಯಲು ಮಾಂಸದ ಪಾಲು ಕೊಡಬೇಕು. ಟಾರ್ಪಾಲಿನ ಮೇಲೆ ಒಂದೇ ಅಳತೆಯ ತುಂಡುಗಳನ್ನು ಸಾಲಾಗಿ ಜೋಡಿಸಿದರು. ತಳ್ಳುಗಾಡಿಯಲ್ಲಿ ಮಲಗಿದ್ದ ಕೂಸಿಗೂ ಪಾಲು, ಹಾಲು ಕರೆಯುವ ಪಾಳಿಯಿದ್ದು ಬರಲಾಗದವನಿಗೂ ಪಾಲು, ಎದುರು ಮನೆಯ ಮುದುಕನಿಗೂ ಪಾಲು. ಗೆಳತಿಯ ಮನೆಗೂ ಒಂದು ಪೊಟ್ಟಣ ಹೋಯಿತು. ನಾನು ಕೈಮುಗಿದು ಬೇಡವೆನ್ನುವ ಮಾತನ್ನು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡು ನಿಂತಿದ್ದೆ. ಟಾರ್ಪಾಲು ಖಾಲಿಯಾಯಿತು, ತೊಳೆದು ಮಡಿಚಿದರು. ನನಗೆ ಯಾರೂ ಕೊಡಲಿಲ್ಲ, ಕೇಳಲೂ ಇಲ್ಲ.

ತಿನ್ನದವಳಿಗೆ ಯಾಕೆ ಕೊಡಬೇಕು, ಸರಿಯೇ. ನನಗಾಗಿ ಅಜ್ಜಿ ಬೇರೆ ಪಾತ್ರೆಯಲ್ಲಿ ಅನ್ನ, ಹುರುಳಿಕಾಯಿ ಬೇಯಿಸಿದ್ದರು, ಅದನ್ನು ಉಂಡದ್ದೂ ಆಗಿತ್ತು. ಆದರೂ ಎಲ್ಲರೂ ಹೋದ ಮೇಲೆ ಹುಲ್ಲುಹಾಸಿಗೆ ನೀರು ಬಿಡುತ್ತಾ ಪಾಲುಗಳನ್ನು ಎಣಿಸತೊಡಗಿದೆ. ಬಾರದವನಿಗೆ ಪಾಲಿದೆ, ದೂರು ಕೊಡಲು ಬಂದವನಿಗೆ ಪಾಲಿದೆ, ಜಾಗ ಕೊಟ್ಟವಳು ಲೆಕ್ಕಕ್ಕಿಲ್ಲ. ನನ್ನನ್ನು ಬಿಡುವುದು ಎಲ್ಲ ಭಾಷೆಯವರಿಗೂ ಸಲೀಸು ಎಂದುಕೊಂಡೆ. ಹಂದಿಮಾಂಸ ಸಿಗಲಿಲ್ಲವೆಂದು ಅತ್ತ ಮೊದಲ ಸಸ್ಯಾಹಾರಿ ನಾನೇ ಇರಬೇಕು.

ಕೆಲವು ದಿನ ಕಳೆದ ಮೇಲೆ ಅಜ್ಜಿ ಹಂದಿಯ ದವಡೆಯನ್ನು ಬೇಯಿಸಿ, ಉಜ್ಜಿ, ಬಿಸಿಲಿಗೆ ಬೆಳ್ಳಗೆ ಮಾಡಿ ತಂದರು. ಅಳಿಯ ಏಣಿ ಹಾಕಿ ಅದನ್ನು ನನ್ನ ಗ್ಯಾರೇಜಿನ ಸೂರಿಗೆ ತಂತಿಯಲ್ಲಿ ಕಟ್ಟಿದ. ಅವರ ಮನೆಗೆ ಹೊರಚಾಚಿದ ಸೂರೆಂಬುದೇ ಇಲ್ಲ, ಒಣಗಲಿ ಎಂದು ಇಲ್ಲಿ ಕಟ್ಟಿರಬೇಕು, ಎಂದುಕೊಂಡೆ. ಹಿತ್ತಲು ಕೊಟ್ಟಾಗಿದೆ, ಸೂರಿಗೇನು ಜಿಪುಣತನ. ಹಲ್ಲು ಕಿರಿದುಕೊಂಡು ತೂಗುತ್ತಿದ್ದ ಅದರ ಕೆಳಗೆ ದಿನವೂ ಓಡಾಡಿದೆ.

ಅಜ್ಜಿ ಹೊರಡುವ ದಿನ ಅಳಿಯನಿಗೆ ರಜೆ ಸಿಗಲಿಲ್ಲ, ನಾನೇ ಏರ್‌ಪೋರ್ಟಿಗೆ ಕರೆದೊಯ್ದೆ. ಅಜ್ಜಿ ಒಳಗೆ ಹೋಗುವ ಮುಂಚೆ ಮಗಳನ್ನು ಅಪ್ಪಿಕೊಂಡರು. ಆಮೇಲೆ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಏನೋ ಹೇಳಿದರು. ಗೆಳತಿ ಅದನ್ನು ನನಗೆ ಅರ್ಥ ಮಾಡಿಸಲಿಲ್ಲ. ಕಾರಿನಲ್ಲಿ ವಾಪಸು ಬರುವಾಗ ಕೇಳಿದೆ.

"ಆ ದವಡೇನ ಯಾವಾಗ ಇಳಿಸ್ಕೊಂಡು ಹೋಗ್ತೀರಾ?"

ಅವಳು ಕಿಟಕಿಯ ಕಡೆ ತಿರುಗಿದಳು. "ಅದು ನಿಮ್ದು, ಮನಾಂಗ್. ಯಾರ ಮನೆಯ ಹಬ್ಬವೋ ದವಡೆ ಅವರ ಮನೆಗೇ ಕಟ್ಟೋದು."

"ಹಬ್ಬ ನಿಮ್ಮನೆಯದಲ್ವಾ?"

"ನಮ್ಮನೆಗೆ ಅಮ್ಮ ಗುರುವಾರವೇ ಕೋಳಿ ಕೊಯ್ದು ನೋಡಿದ್ರು. ಪಿತ್ತ ಚೆನ್ನಾಗಿತ್ತು. ನನಗೂ ಶನಿವಾರ ನಿಮ್ಮ ಅಪ್ಪನ ಹೆಸರು ಕೇಳಿದಾಗಲೇ ಗೊತ್ತಾಗಿದ್ದು. ಹೇಳಿದ್ರೆ ನೀವು ಒಪ್ಪಲ್ಲ ಅಂತ ಅಮ್ಮ ಬಾಯಿ ಮುಚ್ಚಿಸಿದ್ರು. ನಾನು ಕೇಳಿದೆ, ಯಾಕಮ್ಮ ಅಂತ. ನಿನ್ನ ಮನೇಲಿ ನೀನಿದೀಯ, ಗಂಡ ಇದಾನೆ, ಹೊಟ್ಟೇಲಿ ಒಂದಿದೆ, ಕೋಳಿ ಸಾಕು ಅಂದ್ರು. ಬೇಲಿಯಾಚೆಯವಳ ಮನೇಲಿ ಒಂದೇ ತಟ್ಟೆ. ಅವಳ ಹಿರಿಯರನ್ನ ಯಾರೂ ಇಲ್ಲಿಗೆ ಕರೆದೇ ಇಲ್ಲ ಅಂದ್ರು."

"ಮತ್ತೆ ನನಗೆ ಪಾಲು ಯಾಕೆ ಕೊಡಲಿಲ್ಲ?" ಕೇಳುವಾಗ ನನ್ನ ದನಿ ಮಗುವಿನ ಹಾಗಿತ್ತು.

"ಪಾಲು ಬಂದವರಿಗೆ, ಮನಾಂಗ್. ಹಬ್ಬ ಮಾಡಿದವರು ಕೊಡ್ತಾರೆ, ತಗೊಳ್ಳಲ್ಲ."

ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದೆ. ಬೇರೆಯಾದ ದಿನವೂ ನಾನು ಹಾಗೆ ಅತ್ತಿರಲಿಲ್ಲ. ಅವಳು ಒಂದು ಕೈಯಲ್ಲಿ ನನ್ನ ಬೆನ್ನು, ಇನ್ನೊಂದರಲ್ಲಿ ತನ್ನ ಹೊಟ್ಟೆ ಸವರುತ್ತಾ ಕೂತಿದ್ದಳು. ಅಜ್ಜಿಯ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ ಆ ವಿಮಾನವನ್ನು ನಿಲ್ಲಿಸಿಬಿಡಬೇಕು ಅನ್ನಿಸಿತು.

ಹೆಣ್ಣುಮಗು ಹುಟ್ಟಿತು. ಆರೋಗ್ಯವಾಗಿದೆ, ಬೇಲಿಯ ಈಚೆಗೆ ಪ್ರತಿಯೊಂದು ಅಳುವೂ ಕೇಳುವಷ್ಟು ಆರೋಗ್ಯವಾಗಿದೆ. ಈಗ ನನ್ನ ಅಡುಗೆಮನೆಯಲ್ಲಿ ಒಂದೇ ತಟ್ಟೆ ಇರುವುದು ಕಡಿಮೆ. ಅಡುಗೆ ಮಾಡಲು ಪುರುಸೊತ್ತಿಲ್ಲದ ತಾಯಿ ತಂದೆ ಬೇಲಿಯ ಎರಡು ಹಲಗೆ ಕಿತ್ತು ದಾರಿ ಮಾಡಿಕೊಂಡಿದ್ದಾರೆ. ದೋಸೆಗೆ ಅವರು ಹಚ್ಚಿಕೊಳ್ಳುವುದು ಏನೆಂದು ನಾನು ನೋಡಲು ಹೋಗುವುದಿಲ್ಲ.

ಈ ಸಲದ ಯುಗಾದಿಗೆ ಮುಂಚೆ ಆಂಟಿ ತಾವೇ ಕಾರು ಮಾಡಿಕೊಂಡು ಬಂದರು. ಹಾಲ್ ದೊಡ್ಡದು, ಜನ ಸಾಲುತ್ತಿಲ್ಲ. ಕಮಿಟಿಯ ಮಾತು ಕೊನೆಗೂ ಮುಗಿದು ಸಿಂಗಲ್ ಟಿಕೆಟ್ ಎಂಬುದೊಂದು ಹುಟ್ಟಿಕೊಂಡಿತ್ತು. ಗೇಟು ದಾಟಿ ನಗುತ್ತಾ ಬಂದವರು ಗ್ಯಾರೇಜಿನ ಹತ್ತಿರ ನಿಂತುಬಿಟ್ಟರು.

"ಇದೇನಮ್ಮ ಇದು, ಇಷ್ಟುದ್ದ ಹಲ್ಲು?"

"ದವಡೆ, ಆಂಟಿ."

"ಅವರದ್ದಾ? ಇನ್ನೂ ತಗೊಂಡು ಹೋಗಿಲ್ವಾ?"

"ನಮ್ಮದೇ," ಅಂದೆ. "ನಮ್ಮನೇಲಿ ಹಬ್ಬ ಆಯ್ತು. ನಮ್ಮಪ್ಪ, ನಮ್ಮಜ್ಜ ಎಲ್ಲಾ ಬಂದಿದ್ರು. ನೀವು ಬರ್ಲಿಲ್ಲ."